ಸಮಷ್ಟಿಗೆ ಆರೋಪಿಸುವ ಚಿತ್ತ

ಬಹುಜನರು ಕೂಡಿದೆಡೆಯಲ್ಲಿ ಅವರ ಬಹುತ್ವವನ್ನು ಮರೆತು, ಕೂಟವೇ ಬಯಸಿತು, ಕೂಟವೇ ಸಂಕಲ್ಪಿಸಿತು ಎಂದು ಭಾವಿಸುವ ಪ್ರವೃತ್ತಿ ಮನುಷ್ಯನಿಗೆ ಎಷ್ಟು ಸಹಜವಾಗಿದೆಯೆಂದರೆ, ಅದನ್ನು ಪರೀಕ್ಷಿಸಬೇಕೆಂಬ ಅನಿಸಿಕೆಯೇ ನಮ್ಮಲ್ಲಿ ಮೂಡುವುದು ಅಪರೂಪ. ಸಮೂಹಕ್ಕೆ ನಿಜವಾಗಿಯೂ ಮನಸ್ಸುಂಟೇ ಎಂಬುದು ಹಿಂದಿನ ವಿದ್ವಾಂಸರ ವಿವಾದವಾಗಿತ್ತು. ಮ್ಯಾಕ್‌ಡೂಗಲ್ಲರು 1920ರಲ್ಲಿ ಉಂಟೆಂದರು, ಫ್ಲಾಯ್ಡ್ ಆಲ್‌ಪೋರ್ಟರು 1924ರಲ್ಲಿ ಅದನ್ನು ಭ್ರಾಂತಿಯೆಂದು ನಿರಾಕರಿಸಿದರು. ಇದಕ್ಕಿಂತ ಫಲವತ್ತಾದ ಪ್ರಶ್ನೆಯನ್ನೆತ್ತಿದವರು ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ಲರು. ಅನೇಕರು ನೋಡುವವನಿಗೆ ಏಕವಾಗಿ ತೋರುವುದು ಯಾವ ಲಕ್ಷಣಗಳಿಂದ ಎಂದು 1958ರಲ್ಲಿ ವಿಚಾರಿಸಿದ ಅವರು ಸಾಮೀಪ್ಯ, ಸಾದೃಶ್ಯ, ಸಮಾನಗತಿಗಳನ್ನು ಮುಖ್ಯವಾಗಿ ಎಣಿಸಿದರು.

ಎರಡು ತ್ರಿಕೋನಗಳೂ ಒಂದು ವೃತ್ತವೂ ಚಲಿಸುವ ಕಿರುಚಿತ್ರವೊಂದನ್ನು 1944ರಲ್ಲಿ ಹೈಡರ್ ಮತ್ತು ಸಿಮ್ಮೆಲ್ ತೋರಿಸಿದಾಗ ನೋಡಿದವರು ಆ ರೇಖಾಕೃತಿಗಳಲ್ಲಿ ಹಟವನ್ನೂ ಭಯವನ್ನೂ ಕಂಡಿದ್ದರು. 1999ರಲ್ಲಿ ಬ್ಲೂಮ್ ಮತ್ತು ವೆರೆಸ್ ಒಂದೊಂದು ಆಕೃತಿಯ ಸ್ಥಾನದಲ್ಲಿ ಆಕೃತಿಗಳ ಒಂದೊಂದು ಗುಂಪನ್ನೇ ಇರಿಸಲು, ಆ ಗುಂಪುಗಳಿಗೂ ಬೇಕುಬೇಡಗಳುಂಟೆಂಬಂತೆ ಪ್ರೇಕ್ಷಕರು ವರ್ಣಿಸಿದರು. ಸಮಷ್ಟಿಗೆ ಹೀಗೆ ಮನಸ್ಸನ್ನು ಹೆಚ್ಚು ಹೆಚ್ಚಾಗಿ ಆರೋಪಿಸಿದಷ್ಟೂ ಅದರೊಳಗಿನ ವ್ಯಕ್ತಿಗಳಲ್ಲಿ ಮನಸ್ಸು ಕಡಿಮೆಯೆಂದು ಜನರು ಭಾವಿಸುವರೆಂಬುದನ್ನು 2012ರಲ್ಲಿ ವೇಟ್ಸ್ ಮತ್ತು ಯಂಗ್ ತೋರಿಸಿಕೊಟ್ಟರು. ನನ್ನ ದೃಷ್ಟಿಯಲ್ಲಿ ಈ ವಿಷಯದ ಗಾಂಭೀರ್ಯವೆಲ್ಲ ಇಲ್ಲಿಯೇ ಇದೆ.

ಏಕೆಂದರೆ ನಮ್ಮ ನೆಲದಲ್ಲಿ ಈ ಭಾವನೆಯು ಶಾಸನದ ರೂಪವನ್ನೇ ತಾಳಿತ್ತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಅಪರಾಧದ ಸಂಕಲ್ಪವನ್ನು ಒಬ್ಬೊಬ್ಬನಲ್ಲಿ ಅರಸದೆ ಇಡೀ ಸಮುದಾಯದಲ್ಲಿಯೇ ಕಂಡಿತು. ಒಟ್ಟಾಗಿ ಅಲೆಯುವ, ಒಂದೇ ನುಡಿಯಾಡುವ, ಒಂದೇ ತೆರನಾಗಿ ಉಡುವ ಜನರಲ್ಲಿ ಕ್ಯಾಂಪ್‌ಬೆಲ್ಲರು ಹೇಳಿದ ಲಕ್ಷಣಗಳೆಲ್ಲ ಒಟ್ಟಿಗೆ ಕಾಣುತ್ತಿದ್ದುದರಿಂದ, ಅಧಿಕಾರಿಗಳ ಕಣ್ಣಿಗೆ ಅವರು ಒಂದೇ ಚಿತ್ತದವರಾಗಿ ತೋರಿದ್ದರಲ್ಲಿ ಆಶ್ಚರ್ಯವಿಲ್ಲ. ಸಮುದಾಯವೊಂದನ್ನು ಅಪರಾಧಿಯೆಂದು ಸಾರಿ ಒಮ್ಮೆ ಹೊರಟ ಅಧಿಸೂಚನೆಯ ಸಿಂಧುತ್ವವನ್ನು ಯಾವ ನ್ಯಾಯಾಲಯವೂ ಪ್ರಶ್ನಿಸಕೂಡದೆಂದು ಆ ಕಾಯಿದೆಯೇ ವಿಧಿಸಿತ್ತು. ಮುಂದೆ ಮುಂಬಯಿ ಸರ್ಕಾರವು ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥ ಸಮುದಾಯಗಳಿಗೆಂದು ತೆರೆದ ಸೆಟ್ಲ್‌ಮೆಂಟುಗಳಲ್ಲಿ, ಎಂದೂ ಕದಿಯದವನೂ ಹಾಜರಿಗೆ ನಿಲ್ಲಬೇಕಾಗಿತ್ತು, ಪರವೂರಿಗೆ ಹೋಗಲು ರಹದಾರಿ ಬೇಡಬೇಕಾಗಿತ್ತು. ಅವನ ಅಂತಃಕರಣದ ಸಾಕ್ಷ್ಯಕ್ಕೆ ಅಲ್ಲಿ ಎಡೆಯೇ ಇರಲಿಲ್ಲ.

ಆ ಕಾಯಿದೆಯ ನಂತರದ ರೂಪ 1952ರಲ್ಲಿ ರದ್ದಾಯಿತು. ಅದರ ಬಳಿಕ ಬಂದ ರೂಢಿಗತ ಅಪರಾಧಿಗಳ ಕಾಯಿದೆಗಳು ಅಕ್ಷರಶಃ ವ್ಯಕ್ತಿಯೊಬ್ಬನಿಗಾದ ಶಿಕ್ಷೆಗಳನ್ನೇ ಎಣಿಸುತ್ತವೆ. ಕಳವಾದೊಡನೆ ಹಳೆಯ ಸೆಟ್ಲ್‌ಮೆಂಟಿನ ಓಣಿಯತ್ತ ಹೊರಳುವ ಸಂಶಯವಾದರೋ ಇಂದಿಗೂ ಕುಲವನ್ನೇ ವಿಚಾರಿಸುತ್ತದೆ.