ಆನೆಮಲೆ: ಬೆಂಗಾಡಿಗೆ ನೀರೆರೆದ ಬೆಟ್ಟ

ಭೂಗೋಳದ ಪಾಠವೊಂದರಲ್ಲಿ ನದಿಗಳ ಉಗಮವನ್ನು ವಿವರಿಸುತ್ತಿದ್ದಾಗ, "ನಮ್ಮೂರ ನಾಲೆಗೆ ನೀರು ಎಲ್ಲಿಂದ ಬರುತ್ತದೆ?" ಎಂದು ಮಕ್ಕಳನ್ನು ಕೇಳಿದೆನು. ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು ನಿಂತು, "ತೂಬಿನಿಂದ, ಸಾರ್" ಎಂದನು. ಉಳಿದವರೆಲ್ಲ ನಕ್ಕರು, ನಾನೂ ನಕ್ಕೆನು. ಆದರೆ ಸಂಜೆ ಮನೆಗೆ ಹಿಂದಿರುಗುವಾಗ ಆ ನಗೆ ನನಗೆ ಸರಿದೋರಲಿಲ್ಲ. ಹುಡುಗನು ತಾನು ಕಣ್ಣಾರೆ ಕಂಡುದನ್ನೇ ಹೇಳಿದ್ದನು. ತೂಬಿನ ಆಚೆಗೆ ಏನಿದೆಯೆಂಬುದನ್ನು ತೋರಿಸಿಕೊಡದೆ ಇದ್ದುದು ಗುರುವಾದ ನನ್ನ ತಪ್ಪು. ಆ ಹುಡುಗನಿಗೆ ಅಂದು ಹೇಳಬೇಕಾಗಿದ್ದ ಮಾತುಗಳನ್ನು ಇಲ್ಲಿ ಬರೆಯುತ್ತಿದ್ದೇನೆ.

ವೆಳ್ಳಕೋಯಿಲಿನ ಸೀಮೆಯನ್ನು ಬಲ್ಲವರಿಗೆ ಅದರ ಒಣತನವನ್ನು ವರ್ಣಿಸಬೇಕಾದುದಿಲ್ಲ. 2009ರಲ್ಲಿ ಕೊಯಮತ್ತೂರು, ಈರೋಡು ಜಿಲ್ಲೆಗಳ ಭಾಗಗಳನ್ನು ಸೇರಿಸಿ ರಚಿಸಿದ ತಿರುಪ್ಪೂರು ಜಿಲ್ಲೆಯ ಪೂರ್ವದ ಅಂಚಿನಲ್ಲಿ, ಉತ್ತರಕ್ಕೆ ನೊಯ್ಯಲ್, ದಕ್ಷಿಣಕ್ಕೆ ಅಮರಾವತಿ ಎಂಬ ಎರಡು ನದಿಗಳ ನಡುವಣ ಎತ್ತರದ ನೆಲದಲ್ಲಿ ಈ ಊರಿದೆ. ವರ್ಷಕ್ಕೆ ಆರು ಏಳು ನೂರು ಮಿಲಿಮೀಟರು ಮಳೆ ಬಿದ್ದರೆ ಅದೇ ಭಾಗ್ಯ. ಮುಳ್ಳುಕಿಳುವೆಯ ಜೀವಂತ ಬೇಲಿ, ಅದರೊಳಗೆ ಅಲ್ಲೊಂದು ಇಲ್ಲೊಂದು ಬಿಳಿಜಾಲಿಯ ಮರ, ನೆಲದಲ್ಲಿ ಕೊಳುಕ್ಕಟ್ಟೆ ಹುಲ್ಲು. ಇದನ್ನು ಇಲ್ಲಿಯವರು 'ಕೊರಂಗಾಡು' ಎಂದು ಕರೆಯುತ್ತಾರೆ. ಹೆಸರಾಂತ ಕಾಂಗೇಯಂ ದನಗಳು ಮೇಯುವ ಹುಲ್ಲುಗಾವಲು ಇದೇ. ಈ ಸೀಮೆಯ ಹಿರಿಯರು ಕಪಿಲೆಬಾವಿಗಳಿಂದ ನೀರೆತ್ತಿ, ಜೋಳ ರಾಗಿಗಳನ್ನು ಬೆಳೆದು ಬಾಳಿದವರು. ಮರಳಿನ ಮರುಭೂಮಿ ಇದಲ್ಲ. ಆದರೆ ಮಳೆ ಮುನಿದ ವರ್ಷಗಳಲ್ಲಿ ಇದನ್ನು ಬೆಂಗಾಡೆನ್ನದೆ ಮತ್ತೇನೆನ್ನಬೇಕು?

ಈ ಒಣತನಕ್ಕೆ ಕಾರಣವಾವುದು? ನೈಋತ್ಯದಲ್ಲಿ ಗೋಡೆಯಂತೆ ನಿಂತಿರುವ ಆನೆಮಲೆಯೇ ಕಾರಣ. ಮುಂಗಾರಿನ ಮೋಡಗಳು ಅರಬ್ಬೀ ಸಮುದ್ರದಿಂದ ಏರಿ ಬಂದು ಈ ಮಲೆಯ ಪಡುವಣ ಮಗ್ಗುಲಲ್ಲಿಯೂ ನೆತ್ತಿಯಲ್ಲಿಯೂ ತಮ್ಮ ಭಾರವನ್ನು ಇಳಿಸಿಬಿಡುತ್ತವೆ. ವಾಲ್ಪಾರೆಯ ಕಡೆ ವರ್ಷಕ್ಕೆ 3000 ಮಿಲಿಮೀಟರಿಗೂ ಮಿಕ್ಕಿ ಮಳೆಯಾಗುವುದುಂಟು. ಅದೇ ಮೋಡಗಳು ಮಲೆಯನ್ನು ದಾಟುವಾಗ ಬರಿದಾಗಿರುತ್ತವೆ. ಮಲೆಯ ಉತ್ತರಕ್ಕಿರುವ ಪಾಲಕ್ಕಾಡಿನ ಕಣಿವೆಯಿಂದ ಗಾಳಿ ಮಾತ್ರ ನುಗ್ಗಿ ಬರುತ್ತದೆ. ಆಡಿ ತಿಂಗಳ ಗಾಳಿಗೆ ಅರೆಯುವ ಕಲ್ಲೂ ಹಾರೀತು ಎಂದು ಈ ಸೀಮೆಯ ಜನ ಆಡಿಕೊಳ್ಳುವುದು ಈ ಗಾಳಿಯನ್ನು ಕುರಿತೇ. ಹೀಗೆ ನಮ್ಮ ಮಳೆಯನ್ನು ತಡೆದ ಬೆಟ್ಟವೇ ಆ ಮಳೆಯನ್ನು ಕೂಡಿಟ್ಟು ನಮಗೆ ಕಾಲುವೆಯಲ್ಲಿ ಹಿಂದಿರುಗಿಸುತ್ತಿದೆ. ಈ ವಿಚಿತ್ರವನ್ನು ವಿದ್ಯಾರ್ಥಿಗಳು ಮೊದಲು ಮನಗಾಣಬೇಕು.

ಒಣನೆಲದ ನಡುವೆ ಬೆಟ್ಟವೊಂದು ಜೀವಗಳಿಗೆ ಆಶ್ರಯವಾಗಿರುವುದು ಲೋಕದಲ್ಲಿ ಬೇರೆಡೆಗಳಲ್ಲಿಯೂ ಉಂಟು. ಆಫ್ರಿಕದ ನೈಜರ್ ದೇಶದಲ್ಲಿ ಸಹಾರಾ ಮರುಭೂಮಿಯ ಮಧ್ಯೆ ಐರ್ ಎಂಬ ಪರ್ವತಶ್ರೇಣಿ ಇದೆ. ಅದರ ಮಗ್ಗುಲಿನಲ್ಲಿಯೇ ತೆನೆರೆ ಎಂಬ ಮರಳುಗಾಡು. ಸುತ್ತಲೂ ಬದುಕಲಾರದ ಗಿಡಮರಗಳು, ಕಾಡುಕುರಿಗಳು ಆ ಬೆಟ್ಟದಲ್ಲಿ ಉಳಿದುಕೊಂಡಿವೆ. 1991ರಲ್ಲಿ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದರು. ಆದರೆ ಮರುವರ್ಷವೇ, 1992ರಲ್ಲಿ, ಅದರ ಹೆಸರನ್ನು ಅಪಾಯಕ್ಕೀಡಾದ ಪರಂಪರೆಗಳ ಪಟ್ಟಿಯಲ್ಲಿಯೂ ಬರೆಯಬೇಕಾಯಿತು. ಪಟ್ಟಿಯಲ್ಲಿ ಹೆಸರು ಬಂದ ಮಾತ್ರಕ್ಕೆ ಬೆಟ್ಟ ಉಳಿಯುವುದಿಲ್ಲವೆಂಬುದಕ್ಕೆ ಇದು ನಿದರ್ಶನ. ನಮ್ಮ ಆನೆಮಲೆಯ ಚರಿತ್ರೆಯೂ ಇದನ್ನೇ ಹೇಳುತ್ತದೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷರ ಕಣ್ಣಿಗೆ ಆನೆಮಲೆಯು ತೇಗದ ಉಗ್ರಾಣವಾಗಿ ಕಂಡಿತು. ಮುಂಬಯಿಯ ಹಡಗುಕಟ್ಟೆಗೆ ತೇಗ ಬೇಕಾಗಿದ್ದಿತು. ಅನಂತರ ರೈಲುಹಾದಿಯ ಅಡಿಮರಗಳಿಗೂ ಮರ ಬೇಕಾಯಿತು. ಆನೆಗಳು ಎಳೆದು ತಂದ ದಿಮ್ಮಿಗಳನ್ನು ಬೆಟ್ಟದ ಅಂಚಿನಿಂದ ಕೆಳಕ್ಕೆ ಜಾರಿಬಿಡುತ್ತಿದ್ದರು. ಆ ಜಾಗಕ್ಕೆ ಇಂದಿಗೂ 'ಟಾಪ್ ಸ್ಲಿಪ್' ಎಂಬ ಹೆಸರೇ ನಿಂತಿದೆ. 1890ರ ದಶಕದಿಂದ ವಾಲ್ಪಾರೆಯ ಪ್ರಸ್ಥಭೂಮಿಯಲ್ಲಿ ಕಾಡು ಕಡಿದು ಕಾಫಿ, ಚಹಾ ತೋಟಗಳನ್ನು ಎಬ್ಬಿಸಿದರು.

ಆ ಕಾಲದಲ್ಲಿಯೂ ಎಚ್ಚರದ ಮಾತನ್ನಾಡಿದವರು ಇಲ್ಲದಿರಲಿಲ್ಲ. ಹ್ಯೂ ಕ್ಲೆಗ್‌ಹಾರ್ನ್ ಎಂಬ ವೈದ್ಯನು 1840ರ ದಶಕದಲ್ಲಿ ಮೈಸೂರು ಸೀಮೆಯ ಶಿವಮೊಗ್ಗದಲ್ಲಿ ಕೆಲಸದಲ್ಲಿದ್ದನು. ನಮ್ಮ ಮಲೆನಾಡಿನ ಕಾಡು ಕಣ್ಣೆದುರಿಗೆ ಕರಗುತ್ತಿದ್ದುದನ್ನು ಅಲ್ಲಿ ಅವನು ಕಂಡನು. ಕಾಡು ನಾಶವಾದರೆ ನಾಡಿಗೆ ಆಗುವ ಹಾನಿಯನ್ನು ಕುರಿತು 1851ರಲ್ಲಿ ವಿದ್ವಾಂಸರೊಡನೆ ಸೇರಿ ವರದಿಯೊಂದನ್ನು ಸಿದ್ಧಪಡಿಸಿದನು. 1856ರಲ್ಲಿ ಮದರಾಸು ಪ್ರಾಂತದ ಮೊದಲ ಅರಣ್ಯಾಧಿಕಾರಿಯಾಗಿ ನೇಮಕಗೊಂಡು ಆನೆಮಲೆಯನ್ನೂ ಸುತ್ತಿ ನೋಡಿದನು. ಕನ್ನಡ ನಾಡಿನ ಕಾಡು ಕಲಿಸಿದ ಪಾಠವು ಆನೆಮಲೆಗೆ ಹೀಗೆ ಬಂದಿತೆನ್ನಬಹುದು. ಆದರೂ ಸರ್ಕಾರಕ್ಕೆ ಮರದ ಹಸಿವು ತೀರಿರಲಿಲ್ಲ. ಕಾನೂನುಗಳು ಕಾಡನ್ನು ಕಾಯುವುದರೊಡನೆ ಕಡಿಯುವ ಹಕ್ಕನ್ನೂ ಸರ್ಕಾರದ ಕೈಗೇ ಒಪ್ಪಿಸಿದುವು.

ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ಇಲ್ಲಿಗೆ ಬಂದ ಹ್ಯೂಗೋ ವುಡ್ ಎಂಬ ಅಧಿಕಾರಿಯ ಕಥೆಯನ್ನು ಮಕ್ಕಳಿಗೆ ಹೇಳಲೇಬೇಕು. ಬೋಳಾದ ಬೆಟ್ಟವನ್ನು ಮತ್ತೆ ಹಸುರಾಗಿಸಬೇಕೆಂದು ಅವನು ಪಣತೊಟ್ಟನು. ಮರವನ್ನು ಬುಡಸಹಿತ ಕೀಳದೆ ಮೋಟು ಉಳಿಸಿ, ಅದರಿಂದ ಹೊಸ ಚಿಗುರು ಬರುವಂತೆ ಮಾಡುವ ಪದ್ಧತಿಯನ್ನು ಬಳಕೆಗೆ ತಂದನು. ಅಂಗಿಯ ಜೇಬಿನಲ್ಲಿ ತೇಗದ ಬೀಜ ತುಂಬಿಕೊಂಡು ನಡೆಯುತ್ತ, ಕೈಗೋಲಿನಿಂದ ನೆಲ ಚುಚ್ಚಿ ಬೀಜ ಹಾಕುತ್ತಿದ್ದನೆಂದು ಆ ಭಾಗದ ಜನ ಈಗಲೂ ಹೇಳುತ್ತಾರೆ. 1933ರಲ್ಲಿ ಅವನು ತೀರಿಕೊಂಡನು. ಅವನ ಇಚ್ಛೆಯಂತೆ ಟಾಪ್ ಸ್ಲಿಪ್ಪಿನ ಬಳಿಯ ಆ ಮರಗಳ ನಡುವೆಯೇ ಅವನ ಸಮಾಧಿಯಿದೆ. ಸ್ಮಾರಕವನ್ನು ಹುಡುಕುವವರು ಸುತ್ತಲೂ ನೋಡಲಿ ಎಂಬರ್ಥದ ಲ್ಯಾಟಿನ್ ಮಾತು ಅಲ್ಲಿ ಕೆತ್ತಲ್ಪಟ್ಟಿದೆ.

ಇನ್ನು ನಮ್ಮ ನಾಲೆಯ ವಿಷಯಕ್ಕೆ ಬರೋಣ. ಆನೆಮಲೆಯ ನೀರಾರು, ಶೋಲೆಯಾರು, ಪರಂಬಿಕುಳಂ, ತೂಣಕಡವು ಮೊದಲಾದ ಹೊಳೆಗಳು ಸ್ವಭಾವತಃ ಪಡುವಲಿಗೆ ಹರಿದು ಸಮುದ್ರ ಸೇರತಕ್ಕವು. ಕಾಮರಾಜರು ಮದರಾಸಿನ ಮುಖ್ಯಮಂತ್ರಿಗಳಾಗಿದ್ದಾಗ ಈ ನೀರಿನ ಒಂದು ಪಾಲನ್ನು ಮೂಡಲಿಗೆ ತಿರುಗಿಸುವ ಪರಂಬಿಕುಳಂ-ಆಳಿಯಾರ್ ಯೋಜನೆ ಆರಂಭವಾಯಿತು. ಕೇರಳ ಮತ್ತು ತಮಿಳುನಾಡುಗಳ ನಡುವಣ ಒಪ್ಪಂದಕ್ಕೆ 1970ರ ಮೇ 29ರಂದು ಸಹಿಯಾಗಿ, ಅದು 1958ರ ನವೆಂಬರಿನಿಂದಲೇ ಅನ್ವಯವಾಯಿತು. ಅಣೆಕಟ್ಟುಗಳಲ್ಲಿ ನಿಂತ ನೀರು ಬೆಟ್ಟ ಕೊರೆದ ಸುರಂಗಗಳಲ್ಲಿ ಹಾದು, ಸರ್ಕಾರ್‌ಪತಿಯಲ್ಲಿ ವಿದ್ಯುತ್ತನ್ನು ಉತ್ಪಾದಿಸಿ, ಬೆಟ್ಟದ ತಪ್ಪಲನ್ನು ಬಳಸಿ ಬರುವ ಕಾಲುವೆಯಿಂದ ಉಡುಮಲೆಯ ಬಳಿಯ ತಿರುಮೂರ್ತಿ ಜಲಾಶಯವನ್ನು ಸೇರುತ್ತದೆ. ಅಲ್ಲಿಂದ ಹೊರಟ ದೊಡ್ಡ ಕಾಲುವೆಯ ಬಹು ದೂರದ ಶಾಖೆಗಳಲ್ಲಿ ಒಂದು ವೆಳ್ಳಕೋಯಿಲಿನ ನಾಲೆ.

ಅಚ್ಚುಕಟ್ಟು ಸುಮಾರು 3.77 ಲಕ್ಷ ಎಕರೆ. ಅದನ್ನು ನಾಲ್ಕು ಮಂಡಲಗಳಾಗಿ ವಿಂಗಡಿಸಿ, ಸರದಿಯಂತೆ ನೀರು ಬಿಡುತ್ತಾರೆ. ಮೇಲಿನವರು ಕುಡಿದು ಉಳಿದುದು ಕೆಳಗಿನವರಿಗೆ. ನಾಲೆಯ ಕೊನೆಯಲ್ಲಿರುವ ರೈತನು ಕಾಯಬೇಕು. ನಮ್ಮ ಸೀಮೆಯ ರೈತರು ನೀರಿಗಾಗಿ ಎಷ್ಟು ಸಲ ಬೀದಿಯಲ್ಲಿ ಕುಳಿತಿದ್ದಾರೆಂಬುದನ್ನು ಮಕ್ಕಳು ಸ್ವತಃ ನೋಡಿದ್ದಾರೆ. ಆ ಜಗಳದಲ್ಲಿ ತೂಬಿನ ಮಾತು ಬರುತ್ತದೆ, ಸರದಿಯ ಮಾತು ಬರುತ್ತದೆ. ಬೆಟ್ಟದ ಮಾತು ಮಾತ್ರ ಬರುವುದು ಅಪರೂಪ. ಮಲೆಯ ಹುಲ್ಲುಗಾವಲೂ ಶೋಲೆಯ ಕಾಡೂ ಮಳೆಯನ್ನು ಹೀರಿಕೊಂಡು ಮೆಲ್ಲನೆ ಬಿಡುವುದರಿಂದಲೇ ಹೊಳೆಗಳು ಮಳೆಗಾಲ ಕಳೆದ ಮೇಲೂ ಹರಿಯುತ್ತವೆ. ಆ ಕಾಡು ಬೋಳಾದರೆ ಮಣ್ಣು ಕೊಚ್ಚಿ ಬಂದು ಜಲಾಶಯದಲ್ಲಿ ಹೂಳು ತುಂಬುವುದು. ಆಗ ಮೊದಲು ಒಣಗುವ ಹೊಲ ನಾಲೆಯ ಕೊನೆಯದೇ ಅಲ್ಲವೆ?

ಮತ್ತೊಂದು ಸಂಗತಿಯನ್ನು ಮರೆಮಾಚಬಾರದು. ಈ ನೀರಿಗಾಗಿ ಕಾಡಿನ ಕಣಿವೆಗಳೇ ಮುಳುಗಿದುವು. ಕಾಡರು, ಮಲಸರು ಮೊದಲಾದ ಮಲೆಯ ಮಕ್ಕಳು ತಮ್ಮ ನೆಲೆಗಳನ್ನು ಬಿಟ್ಟು ಏಳಬೇಕಾಯಿತು. ಅದಕ್ಕೆ ಮುಂಚೆ ತೇಗಕ್ಕಾಗಿ, ತೋಟಕ್ಕಾಗಿ ಅವರನ್ನು ಸರಿಸಿದ್ದರು. ಆಮೇಲೆ ಮೃಗಗಳ ರಕ್ಷಣೆಯ ನಿಯಮಗಳೂ ಅವರನ್ನು ಕಟ್ಟಿಹಾಕಿದುವು. ಅವರ ಹಕ್ಕನ್ನು ಮನ್ನಿಸುವ ಕಾನೂನು ಬಂದುದು 2006ರಲ್ಲಿ. ಬಯಲಿನವರಾದ ನಾವು ಉಣ್ಣುವ ಅನ್ನದಲ್ಲಿ ಅವರ ಋಣವಿದೆ.

ರಕ್ಷಣೆಯ ಕಾರ್ಯ ಹಂತಹಂತವಾಗಿ ನಡೆಯಿತು. ತಮಿಳುನಾಡಿನ ಭಾಗವು 1976ರಲ್ಲಿ ವನ್ಯಜೀವಿಧಾಮವಾಗಿ, 2007ರಲ್ಲಿ ಹುಲಿಗಳ ರಕ್ಷಿತಾರಣ್ಯವಾಯಿತು. ಕೇರಳದ ಕಡೆ 1978ರಲ್ಲಿ ಎರವಿಕುಳಂ ರಾಷ್ಟ್ರೀಯ ಉದ್ಯಾನವಾಯಿತು. ಹಿಮಾಲಯದಿಂದ ದಕ್ಷಿಣಕ್ಕೆ ಅತಿ ಎತ್ತರದ್ದಾದ 2695 ಮೀಟರಿನ ಆನೆಮುಡಿ ಶಿಖರವಿರುವುದು ಅಲ್ಲಿಯೇ. ಮಲೆಯ ಮೂಡಣ ಮಗ್ಗುಲಿನಲ್ಲಿ, ನಮ್ಮ ಕೊರಂಗಾಡಿನಂತೆಯೇ ಮುಳ್ಳುಗಿಡಗಳ ಒಣಕಾಡಾಗಿರುವ ಚಿನ್ನಾರಿಗೆ 1984ರಲ್ಲಿ ರಕ್ಷಣೆ ದೊರೆಯಿತು. ನಕ್ಷತ್ರ ಆಮೆಗೂ ಸಿಂಗಳೀಕಕ್ಕೂ, ಬೋಳುಬಂಡೆಯ ವರೆಯಾಡಿಗೂ ಹೆಮ್ಮರದ ಮಂಗಟ್ಟೆ ಹಕ್ಕಿಗೂ, ಹನ್ನೆರಡು ವರ್ಷಕ್ಕೊಮ್ಮೆ ಅರಳುವ ನೀಲಕುರಿಂಜಿಗೂ ಒಂದೇ ಮಲೆಯಲ್ಲಿ ಎಡೆಯುಂಟು. 2012ರಲ್ಲಿ ಪಶ್ಚಿಮಘಟ್ಟದ 39 ತಾಣಗಳು ವಿಶ್ವಪರಂಪರೆಯ ಪಟ್ಟಿಗೆ ಸೇರಿದಾಗ, ನಮ್ಮ ಕುದುರೆಮುಖ, ಆಗುಂಬೆ, ತಲಕಾವೇರಿಗಳೊಡನೆ ಆನೆಮಲೆಯ ಕರಿಯನ್ ಶೋಲೆ, ಹುಲ್ಲುಮಲೆ, ಚಿನ್ನಾರುಗಳೂ ಸೇರಿದುವು. ಕಾವೇರಿಯ ಉಗಮವೂ, ಅವಳನ್ನು ಕರೂರಿನಾಚೆ ಕೂಡುವ ಅಮರಾವತಿಯ ಮೇಲುಸೀಮೆಯೂ ಒಂದೇ ಪಟ್ಟಿಯಲ್ಲಿರುವುದು ಕನ್ನಡಿಗರಾದ ನಮಗೆ ಸಂತೋಷದ ವಿಷಯ.

ಆದುದರಿಂದ ಉಪಾಧ್ಯಾಯ ಬಂಧುಗಳಲ್ಲಿ ನನ್ನದೊಂದು ಬಿನ್ನಹ. ನಾಲೆಗೆ ನೀರು ಬಂದ ದಿನ ಮಕ್ಕಳನ್ನು ತೂಬಿನ ಬಳಿಗೆ ಕರೆದೊಯ್ಯಿರಿ. ಅಲ್ಲಿ ನೆಲದ ಮೇಲೆ ಕಡ್ಡಿಯಿಂದ ನಕ್ಷೆ ಬರೆಯಿಸಿ, ತೂಬಿನಿಂದ ತಿರುಮೂರ್ತಿಗೆ, ತಿರುಮೂರ್ತಿಯಿಂದ ಪರಂಬಿಕುಳಕ್ಕೆ, ಅಲ್ಲಿಂದ ಹುಲ್ಲುಮಲೆಗೆ ಅವರ ಬೆರಳನ್ನು ನಡೆಸಿರಿ. ದಾರಿಯಲ್ಲಿ ಸಿಕ್ಕುವ ಹ್ಯೂಗೋ ವುಡ್ಡನ ಕಥೆಯನ್ನೂ ಕಾಡರ ಕಥೆಯನ್ನೂ ಹೇಳಿರಿ. ನನ್ನ ತರಗತಿಯ ಆ ಹುಡುಗನ ತಂದೆಯ ಹೊಲವು ನಾಲೆಯ ಕೊನೆಯಲ್ಲಿದೆ. ಮುಂದಿನ ಸರದಿಗೆ ಅವನಿಂದಲೇ ಆ ನಕ್ಷೆಯನ್ನು ಬರೆಯಿಸಬೇಕೆಂದಿದ್ದೇನೆ.