ಎರಡನೆಯ ಪಟ್ಟಿ: ಸಿರಿಯ ಮಂಡಿಯಿಂದ ಗುರುಗ್ರಾಮದವರೆಗೆ

ದೆಹಲಿಯ ಗಾಂಧಿನಗರದಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದಾನೆ ಎಂದುಕೊಳ್ಳಿ. ಅವನ ಆನ್‌ಲೈನ್ ಅಂಗಡಿಯಲ್ಲಿ ಒಂದು ಕುರ್ತಾದ ಬೆಲೆ 799 ರೂಪಾಯಿ ಇತ್ತು. ಹಬ್ಬದ ರಿಯಾಯಿತಿ ಮುಗಿದ ರಾತ್ರಿ ಅವನು ಅದನ್ನು 999ಕ್ಕೆ ಏರಿಸಿದ. ಆದರೆ ಜಾಹೀರಾತಿಗಾಗಿ ಗೂಗಲ್‌ಗೆ ಕೊಟ್ಟಿದ್ದ ಸರಕಿನ ಪಟ್ಟಿಯಲ್ಲಿ 799 ಹಾಗೆಯೇ ಉಳಿಯಿತು. ಧಾರವಾಡದಲ್ಲಿ ಕೂತು ಫೋನಿನಲ್ಲಿ ಕುರ್ತಾ ಹುಡುಕುವವರಿಗೆ ಜಾಹೀರಾತು 799 ಎನ್ನುತ್ತದೆ, ಒತ್ತಿ ಒಳಗೆ ಹೋದರೆ 999. ಸ್ವಲ್ಪ ಹೊತ್ತಿನಲ್ಲೇ ಗೂಗಲ್‌ನ ಯಂತ್ರ ಬಂದು ಪುಟವನ್ನು ಓದಿ, ಎರಡು ಬೆಲೆಗಳೂ ತಾಳೆಯಾಗುತ್ತಿಲ್ಲ ಎಂದು ಆ ಜಾಹೀರಾತನ್ನು ನಿಲ್ಲಿಸುತ್ತದೆ. ಇಂಥ ತಪ್ಪುಗಳು ಹೆಚ್ಚಾದರೆ, ಅಥವಾ ಅಂಗಡಿ ತನ್ನ ಬಗ್ಗೆ ಸುಳ್ಳು ಹೇಳುತ್ತಿದೆ ಎಂದು ಕಂಡರೆ, ಇಡೀ ಖಾತೆಯೇ ಮುಚ್ಚಬಹುದು.

ಇದು ನಿನ್ನೆ ಮೊನ್ನೆ ಹುಟ್ಟಿದ ತಾಂತ್ರಿಕ ತಲೆನೋವು ಎಂದು ಅನ್ನಿಸಬಹುದು. ಆದರೆ ವ್ಯಾಪಾರಿ ಹೇಳುವ ಬೆಲೆಯನ್ನು ಇನ್ನೊಂದು ಪಟ್ಟಿಯ ಜೊತೆ ಇಟ್ಟು ತಾಳೆ ನೋಡುವ ಕೆಲಸ ದೆಹಲಿಯಲ್ಲಿ ಏಳು ನೂರು ವರ್ಷಗಳ ಹಿಂದೆಯೇ ನಡೆದಿತ್ತು.

1296ರಿಂದ 1316ರವರೆಗೆ ಆಳಿದ ಅಲ್ಲಾವುದ್ದೀನ್ ಖಿಲ್ಜಿಯನ್ನು ಕನ್ನಡಿಗರು ನೆನೆಯುವುದು 1311ರ ದಂಡಯಾತ್ರೆಯಿಂದ. ಅವನ ಸೇನಾಪತಿ ಮಲಿಕ್ ಕಾಫೂರ್ ದೋರಸಮುದ್ರದ ಮೇಲೆ ಏರಿಬಂದು, ಮೂರನೆಯ ಬಲ್ಲಾಳನಿಂದ ಕಪ್ಪ ಪಡೆದು ಹೋದ. ಅಂಥ ದೊಡ್ಡ ಸೈನ್ಯಕ್ಕೆ ಕಡಿಮೆ ಸಂಬಳ ಕೊಟ್ಟು ಸಾಕಬೇಕಾದರೆ ರಾಜಧಾನಿಯಲ್ಲಿ ಕಾಳು, ಬಟ್ಟೆ, ಕುದುರೆ ಎಲ್ಲವೂ ಅಗ್ಗವಾಗಿರಬೇಕು. ಸುಲ್ತಾನ ಬೆಲೆಗಳನ್ನು ನಿಗದಿ ಮಾಡಿದ ಕಾರಣ ಇದು ಎಂದು ಜಿಯಾವುದ್ದೀನ್ ಬರನಿ ತನ್ನ 'ತಾರೀಖ್-ಎ-ಫಿರೋಜ್ ಶಾಹಿ'ಯಲ್ಲಿ ಹೇಳುತ್ತಾನೆ. ಅವನು ಕೊಡುವ ಪಟ್ಟಿಯಂತೆ ಒಂದು ಮಣ ಗೋಧಿಗೆ ಏಳೂವರೆ ಜಿತಲ್, ಬಾರ್ಲಿಗೆ ನಾಲ್ಕು, ಕಡಲೆಗೆ ಐದು.

ಬೆಲೆ ನಿಗದಿ ಮಾಡಿದ ಅರಸರು ಬೇರೆಯವರೂ ಇದ್ದಾರೆ. ಅಲ್ಲಾವುದ್ದೀನನ ಏರ್ಪಾಟಿನಲ್ಲಿ ಗಮನಿಸಬೇಕಾದದ್ದು ತಪಾಸಣೆಯ ವಿಧಾನ. ಮಂಡಿಯ ಮೇಲ್ವಿಚಾರಕ ಶಹನಾ ದಿನದ ಬೆಲೆಯನ್ನು ವರದಿ ಮಾಡುತ್ತಿದ್ದ. ಬರೀದ್ ಎಂಬ ಸುದ್ದಿ ಅಧಿಕಾರಿ ಬೇರೆಯಾಗಿ ವರದಿ ಕಳಿಸುತ್ತಿದ್ದ. ಇವರಿಬ್ಬರಿಗೂ ಗೊತ್ತಿಲ್ಲದ ಗುಪ್ತಚರರಿಂದ ಮೂರನೆಯ ವರದಿ ಬರುತ್ತಿತ್ತು. ಮೂರೂ ಹೊಂದದಿದ್ದರೆ ಶಹನಾನಿಗೆ ಕಷ್ಟ. ಬಟ್ಟೆಯ ಮಾರುಕಟ್ಟೆ ಸರಾಯ್-ಎ-ಅದ್ಲ್ ಬದಾಯೂಂ ಬಾಗಿಲ ಬಳಿ ಇತ್ತು. ವ್ಯಾಪಾರಿಗಳ ಹೆಸರುಗಳನ್ನು ದಫ್ತರಿನಲ್ಲಿ ನೋಂದಾಯಿಸಲಾಗಿತ್ತು. ಇಂದಿನ ಮಾತಿನಲ್ಲಿ ಹೇಳಿದರೆ ಮಾರಾಟಗಾರರ ಪರಿಶೀಲನೆ ಆಗಿತ್ತು.

ಇದಕ್ಕಿಂತ ಮುಖ್ಯವಾದ ಇನ್ನೊಂದು ವಿವರವನ್ನು ಬರನಿ ಕೊಡುತ್ತಾನೆ. ಸುಲ್ತಾನ ಅರಮನೆಯ ಪಾರಿವಾಳಗಳನ್ನು ನೋಡಿಕೊಳ್ಳುತ್ತಿದ್ದ ಹುಡುಗರ ಕೈಗೆ ಒಂದಷ್ಟು ನಾಣ್ಯ ಕೊಟ್ಟು ರೊಟ್ಟಿ, ಹಲ್ವಾ, ಹಣ್ಣು ತರಲು ಕಳಿಸುತ್ತಿದ್ದ. ಅವರು ತಂದದ್ದನ್ನು ತೂಗಿ ನೋಡುತ್ತಿದ್ದರು. ತೂಕ ಕಡಿಮೆ ಬಂದರೆ ಮಾರುಕಟ್ಟೆಯ ಅಧಿಕಾರಿ ಯಾಕೂಬ್ ಅಂಗಡಿಯವನ ಮೈಯಿಂದ ಅಷ್ಟೇ ಮಾಂಸ ಕತ್ತರಿಸಿ ಲೆಕ್ಕ ಸರಿದೂಗಿಸುತ್ತಿದ್ದನಂತೆ. ಬರನಿ ಇದನ್ನೆಲ್ಲ ಬರೆದು ಮುಗಿಸಿದ್ದು 1357ರ ಹೊತ್ತಿಗೆ, ಮುಪ್ಪಿನಲ್ಲಿ. ಈ ಬೆಲೆಗಳು ದೆಹಲಿಯ ಆಚೆಗೂ ನಡೆದವೇ ಎಂಬ ಬಗ್ಗೆ ಇತಿಹಾಸಕಾರರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ಎರಡು ಬಗೆಯ ತಪಾಸಣೆಗಳ ವ್ಯತ್ಯಾಸ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ವರದಿಗಳನ್ನು ಹೋಲಿಸಿದರೆ ಗೊತ್ತಾಗುವುದು ಹೇಳಿಕೆಗಳು ಒಂದಕ್ಕೊಂದು ಹೊಂದುತ್ತವೆಯೇ ಎಂಬುದು ಮಾತ್ರ. ಹುಡುಗರು ತಂದ ರೊಟ್ಟಿಯನ್ನು ತೂಗಿದರೆ ಹೇಳಿಕೆ ನಿಜವೇ ಎಂಬುದು ಗೊತ್ತಾಗುತ್ತದೆ.

ಈ ವ್ಯತ್ಯಾಸ ದೊಡ್ಡ ಸಮಸ್ಯೆಯಾದದ್ದು ಕೊಳ್ಳುವವರು ಸರಕನ್ನು ನೋಡದೆಯೇ ಕೊಳ್ಳತೊಡಗಿದಾಗ. ಭಾರತದಲ್ಲಿ ವಿ.ಪಿ.ಪಿ. ಅಂಚೆ ಶುರುವಾದದ್ದು 1877ರಲ್ಲಿ. ಊರಿಗೆ ರೈಲು ಇಲ್ಲದಿದ್ದರೂ ಅಂಚೆಯಣ್ಣ ಬರುತ್ತಿದ್ದ. ಪತ್ರಿಕೆಯ ಜಾಹೀರಾತು ನೋಡಿ ಕಾರ್ಡು ಹಾಕಿದರೆ ಗಡಿಯಾರ, ಔಷಧಿ, ಪುಸ್ತಕ ಮನೆಗೆ ಬರುತ್ತಿದ್ದವು. ದುಡ್ಡು ಕೊಟ್ಟ ಮೇಲೆಯೇ ಪೊಟ್ಟಣ ಬಿಚ್ಚಬೇಕು. ಮೋಸಕ್ಕೆ ಇದಕ್ಕಿಂತ ಅನುಕೂಲ ಬೇಕೆ? 1898ರ ಅಂಚೆ ಕಾಯಿದೆ ಇದನ್ನು ಊಹಿಸಿತ್ತು. ನಿಜವಾದ ಆರ್ಡರ್ ಬಂದಿದ್ದಕ್ಕಾಗಿಯೇ ಕಳಿಸುತ್ತಿದ್ದೇನೆ ಎಂದು ಕಳಿಸುವವನು ಘೋಷಿಸಬೇಕೆಂದು ನಿಯಮ ಮಾಡಲು ಅದರಲ್ಲಿ ಅವಕಾಶವಿತ್ತು. ಮೋಸವಾದರೆ ವಸೂಲಾದ ಹಣವನ್ನು ತಡೆಹಿಡಿದು ಪಡೆದವರಿಗೆ ಹಿಂದಿರುಗಿಸಲೂ ಅವಕಾಶವಿತ್ತು. ಇಂದಿನ ಕ್ಯಾಶ್ ಆನ್ ಡೆಲಿವರಿ ಮತ್ತು ರೀಫಂಡ್ ಎರಡರ ಬೇರೂ ಇಲ್ಲಿದೆ.

ಸ್ವತಂತ್ರ ಭಾರತದಲ್ಲಿ ಈ ಕೆಲಸ ಪೊಟ್ಟಣದ ಮೇಲಿನ ಅಕ್ಷರಗಳಿಗೆ ಬಂತು. ತೂಕ ಮತ್ತು ಅಳತೆಗಳ ಮಾನಕ ಕಾಯಿದೆ 1976ರದು. ಅದರ ಅಡಿಯಲ್ಲಿ 1977ರಲ್ಲಿ ಬಂದ ಪೊಟ್ಟಣ ಸರಕುಗಳ ನಿಯಮಗಳು ತಯಾರಕರ ಹೆಸರು, ನಿವ್ವಳ ತೂಕ, ಬೆಲೆ ಮುದ್ರಿಸಬೇಕೆಂದವು. ಆಗ 'ಸ್ಥಳೀಯ ತೆರಿಗೆ ಪ್ರತ್ಯೇಕ' ಎಂಬ ಸಾಲಿನ ಮರೆಯಲ್ಲಿ ಅಂಗಡಿಯವರು ತಮಗೆ ತೋಚಿದಷ್ಟು ಸೇರಿಸುವುದು ಸಾಧ್ಯವಿತ್ತು. 1990ರ ತಿದ್ದುಪಡಿ 'ಎಲ್ಲ ತೆರಿಗೆಗಳೂ ಸೇರಿ' ಎಂಬ ಎಂ.ಆರ್.ಪಿ.ಯನ್ನು ತಂದಿತು. ಕಿರಾಣಿ ಅಂಗಡಿಯಲ್ಲಿ ಬಿಸ್ಕತ್ತಿನ ಪೊಟ್ಟಣ ತಿರುಗಿಸಿ ನೋಡುವ ನಮ್ಮ ಅಭ್ಯಾಸ ಬೆಳೆದದ್ದು ಹೀಗೆ.

ಇದರ ಜೊತೆಗೆ ಸರಕಿಗೊಂದು ಗುರುತಿನ ಸಂಖ್ಯೆಯೂ ಬೇಕಾಗಿತ್ತು. 1974ರ ಜೂನ್ 26ರಂದು ಅಮೆರಿಕದ ಓಹಾಯೋದ ಟ್ರಾಯ್ ಎಂಬ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಒಂದು ಚ್ಯೂಯಿಂಗ್ ಗಮ್ ಪೊಟ್ಟಣದ ಬಾರ್‌ಕೋಡನ್ನು ಮೊದಲ ಬಾರಿಗೆ ಸ್ಕ್ಯಾನ್ ಮಾಡಿದರು. ಭಾರತದಲ್ಲಿ ಈ ಸಂಖ್ಯೆಗಳನ್ನು ಕೊಡುವ ಜಿಎಸ್1 ಇಂಡಿಯಾ 1996ರಲ್ಲಿ ದೆಹಲಿಯಲ್ಲಿ ಸ್ಥಾಪನೆಯಾಯಿತು. 890ರಿಂದ ಶುರುವಾದರೆ ಅದು ಭಾರತದಲ್ಲಿ ತಯಾರಾದ ವಸ್ತು ಎಂದು ಹಲವರು ನಂಬುತ್ತಾರೆ. ವಾಸ್ತವದಲ್ಲಿ ಆ ಅಂಕಿ ಹೇಳುವುದು ಸಂಖ್ಯೆಯನ್ನು ಭಾರತದ ಸಂಸ್ಥೆಯಿಂದ ಪಡೆಯಲಾಗಿದೆ ಎಂಬುದನ್ನು ಮಾತ್ರ. ಸರಕು ಎಲ್ಲಿ ತಯಾರಾಯಿತು ಎಂಬುದನ್ನು ಪೊಟ್ಟಣದ ಮೇಲೆ ಓದಿಯೇ ತಿಳಿಯಬೇಕು.

ಅದೇ 1996ರಲ್ಲಿ ದಿನೇಶ್ ಅಗರ್ವಾಲ್ ಇಂಡಿಯಾಮಾರ್ಟ್ ಶುರುಮಾಡಿದರು. ಸಣ್ಣ ತಯಾರಕರ ಸರಕುಗಳ ಆ ಆನ್‌ಲೈನ್ ಕೈಪಿಡಿ ಈಗ ನೋಯ್ಡಾದಿಂದ ನಡೆಯುತ್ತಿದೆ. 2010ರಲ್ಲಿ ಕುನಾಲ್ ಬಹಲ್ ಮತ್ತು ರೋಹಿತ್ ಬನ್ಸಲ್ ದೆಹಲಿಯಲ್ಲಿ ಸ್ನ್ಯಾಪ್‌ಡೀಲ್ ಆರಂಭಿಸಿದರು. ಮೊದಲು ರಿಯಾಯಿತಿ ಕೂಪನ್ನುಗಳ ತಾಣವಾಗಿದ್ದ ಅದು ಆಮೇಲೆ ಸಾವಿರಾರು ಮಾರಾಟಗಾರರ ಸಂತೆಯಾಯಿತು. ಮಾರುವವನು ಒಬ್ಬ, ತೋರಿಸುವವನು ಇನ್ನೊಬ್ಬ, ತಲುಪಿಸುವವನು ಮತ್ತೊಬ್ಬ ಎಂಬ ಕಾಲ ಬಂತು.

ಜಾಹೀರಾತಿನ ಕಡೆಯಲ್ಲೂ ಬದಲಾವಣೆ ನಡೆದಿತ್ತು. ಗೂಗಲ್ 2002ರ ಡಿಸೆಂಬರ್‌ನಲ್ಲಿ 'ಫ್ರೂಗಲ್' ಎಂಬ ಸರಕು ಹುಡುಕಾಟವನ್ನು ತಂದಿತು. ಅಲ್ಲಿ ಅಂಗಡಿಗಳು ಪುಕ್ಕಟೆಯಾಗಿ ಪಟ್ಟಿ ಹಾಕಬಹುದಿತ್ತು. 2012ರಲ್ಲಿ ಅಮೆರಿಕದಿಂದ ಮೊದಲ್ಗೊಂಡು ಅದನ್ನು ದುಡ್ಡು ಕೊಡುವವರ ಜಾಹೀರಾತಾಗಿ ಬದಲಿಸಿದರು. ಪುಕ್ಕಟೆ ಪಟ್ಟಿಗಳು ಮರಳಿ ಬಂದದ್ದು 2020ರಲ್ಲಿ. ಭಾರತದಲ್ಲಿ ಶಾಪಿಂಗ್ ಹುಡುಕಾಟ ದೊಡ್ಡದಾಗಿ ಬಂದದ್ದು 2018ರ ಡಿಸೆಂಬರ್‌ನಲ್ಲಿ.

ಈ ಜಾಹೀರಾತುಗಳಲ್ಲಿ ಮಾರಾಟಗಾರ ಒಳ್ಳೆಯ ಮಾತು ಬರೆಯುವುದಕ್ಕಿಂತ ಪಟ್ಟಿ ತುಂಬುವುದೇ ಹೆಚ್ಚು. ಹೆಸರು, ಬೆಲೆ, ಸ್ಟಾಕ್ ಇದೆಯೋ ಇಲ್ಲವೋ, ಚಿತ್ರ, ಬಾರ್‌ಕೋಡ್ ಸಂಖ್ಯೆ, ಪುಟದ ಕೊಂಡಿ ಎಲ್ಲವನ್ನೂ ಸಾಲುಸಾಲಾಗಿ ಕೊಡಬೇಕು. ಮೂವತ್ತು ದಿನ ಹೊಸದು ಮಾಡದಿದ್ದರೆ ಸಾಲು ತಾನಾಗಿಯೇ ಬಿದ್ದುಹೋಗುತ್ತದೆ. ಯಂತ್ರ ಅಂಗಡಿಯ ಪುಟಕ್ಕೆ ಹೋಗಿ, ಅಲ್ಲಿ ಕಂಡ ಬೆಲೆಯನ್ನು ಈ ಸಾಲಿನ ಜೊತೆ ಹೋಲಿಸುತ್ತದೆ. ಶಹನಾನ ವರದಿಯ ಪಕ್ಕದಲ್ಲಿ ಬರೀದನ ವರದಿ ಇಟ್ಟು ನೋಡಿದಂತೆಯೇ ಇದು. ಸಣ್ಣ ಅಂಗಡಿಯವನು ತನ್ನ ಗೋದಾಮು, ವೆಬ್‌ಸೈಟು, ಪಟ್ಟಿ ಮೂರನ್ನೂ ಒಂದೇ ಮೂಲಕ್ಕೆ ಜೋಡಿಸಿಕೊಂಡರೆ ಅರ್ಧ ತೊಂದರೆ ತಪ್ಪುತ್ತದೆ. ಮೂರನ್ನೂ ಬೇರೆ ಬೇರೆ ಕೈಗಳು ತಿದ್ದುತ್ತಿದ್ದರೆ ತಾಳೆ ತಪ್ಪುವುದು ಖಂಡಿತ.

ಆದರೆ ಆ ಯಂತ್ರ ಪಾರಿವಾಳದ ಹುಡುಗರನ್ನು ಕಳಿಸುವುದಿಲ್ಲ. ಪಟ್ಟಿಯಲ್ಲಿಯೂ ಪುಟದಲ್ಲಿಯೂ ಒಂದೇ ಸುಳ್ಳು ಇದ್ದರೆ ಅದಕ್ಕೆ ಎಲ್ಲವೂ ಸರಿಯಾಗಿಯೇ ಕಾಣಬಹುದು. 2014ರ ಅಕ್ಟೋಬರ್‌ನಲ್ಲಿ ಮುಂಬೈನ ಗ್ರಾಹಕರೊಬ್ಬರು ಸ್ನ್ಯಾಪ್‌ಡೀಲ್‌ನಲ್ಲಿ ಸ್ಯಾಮ್‌ಸಂಗ್ ಫೋನ್ ತರಿಸಿದರು. ಡಬ್ಬಿಯಲ್ಲಿ ಇದ್ದದ್ದು ಪಾತ್ರೆ ತೊಳೆಯುವ ವಿಮ್ ಸೋಪು ಮತ್ತು ಕಲ್ಲು. ಕಂಪನಿ ಹಣ ಹಿಂದಿರುಗಿಸಿತು. ವಿಮ್ ತಯಾರಿಸುವ ಹಿಂದೂಸ್ತಾನ್ ಯೂನಿಲಿವರ್ ಅವರಿಗೆ ಒಂದು ಫೋನನ್ನೇ ಕಳಿಸಿ ಸುದ್ದಿಯಾಯಿತು. ಪಟ್ಟಿಗಳನ್ನು ಎಷ್ಟು ಹೋಲಿಸಿದರೂ ಡಬ್ಬಿಯೊಳಗಿನ ಕಲ್ಲು ಕಾಣುವುದಿಲ್ಲ.

ಸರ್ಕಾರ ಎಚ್ಚೆತ್ತದ್ದು ನಿಧಾನಕ್ಕೆ. 2017ರ ತಿದ್ದುಪಡಿಯ ಮೂಲಕ 2018ರ ಜನವರಿ 1ರಿಂದ ಪೊಟ್ಟಣದ ಮೇಲೆ ಇರಬೇಕಾದ ವಿವರಗಳು ಆನ್‌ಲೈನ್ ಪುಟದಲ್ಲಿಯೂ ಇರಬೇಕೆಂದಾಯಿತು. 2020ರ ಜುಲೈನ ಇ-ಕಾಮರ್ಸ್ ನಿಯಮಗಳು ಜಾಹೀರಾತು ಸರಕಿನ ನಿಜವಾದ ಗುಣಗಳಿಗೆ ಹೊಂದಿರಬೇಕು ಎಂದವು. ದೂರು ಬಂದರೆ 48 ಗಂಟೆಯೊಳಗೆ ಸ್ವೀಕರಿಸಿ, ಒಂದು ತಿಂಗಳೊಳಗೆ ಬಗೆಹರಿಸಬೇಕು ಎಂದೂ ಸೇರಿಸಿದವು. 2022ರಲ್ಲಿ ದೆಹಲಿಯ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ, ಕಡ್ಡಾಯ ಗುಣಮಟ್ಟದ ಆದೇಶ ಮೀರಿದ ಪ್ರೆಶರ್ ಕುಕ್ಕರುಗಳನ್ನು ಮಾರಲು ಬಿಟ್ಟದ್ದಕ್ಕೆ ಅಮೆಜಾನ್ ಮತ್ತು ಫ್ಲಿಪ್‌ಕಾರ್ಟ್‌ಗೆ ತಲಾ ಒಂದು ಲಕ್ಷ ರೂಪಾಯಿ ದಂಡ ಹಾಕಿತು. ಅಮೆಜಾನ್‌ನಲ್ಲಿ ಮಾರಾಟವಾಗಿದ್ದವು 2,265 ಕುಕ್ಕರುಗಳು. ಕಂಪನಿಗಳು ದೆಹಲಿ ಹೈಕೋರ್ಟಿಗೆ ಹೋದವು. ಅಡುಗೆಮನೆಯಲ್ಲಿ ಸಿಡಿಯಬಹುದಾದ ಪಾತ್ರೆಯ ಮಾತು ಇದು. ಬೆಲೆ ಸರಿಯಿದೆ, ಚಿತ್ರ ಸರಿಯಿದೆ ಎಂದರೆ ಸಾಲದು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಮಳೆ ಕೈಕೊಟ್ಟಾಗ ಮಂಡಿಯ ಶಹನಾ ಮಲಿಕ್ ಕಬೂಲ್ ಧಾನ್ಯದ ಬೆಲೆಯನ್ನು ಅರ್ಧ ಜಿತಲ್ ಏರಿಸೋಣವೇ ಎಂದು ಕೇಳಿ ಇಪ್ಪತ್ತು ಏಟು ತಿಂದ ಎಂದು ಬರನಿ ಬರೆದಿದ್ದಾನೆ. ಅವನು ಹೇಳಿದ್ದು ಸುಳ್ಳಾಗಿರಲಿಲ್ಲ, ಪಟ್ಟಿಗೆ ಹೊಂದಲಿಲ್ಲ ಅಷ್ಟೆ. 2025ರ ಸೆಪ್ಟೆಂಬರ್ 22ರಂದು ಜಿಎಸ್‌ಟಿ ದರಗಳು ಇಳಿದಾಗ ದೇಶದ ಅಂಗಡಿಗಳೆಲ್ಲ ಒಂದೇ ರಾತ್ರಿಯಲ್ಲಿ ಬೆಲೆ ತಿದ್ದಬೇಕಾಯಿತು. ಪೊಟ್ಟಣದ ಮೇಲೆ ಹಳೆಯ ಎಂ.ಆರ್.ಪಿ., ವೆಬ್‌ಸೈಟಿನಲ್ಲಿ ಹೊಸ ಬೆಲೆ, ಜಾಹೀರಾತಿನಲ್ಲಿ ಇನ್ನೂ ತಲುಪದ ಬೆಲೆ, ಹೀಗೆ ಮೂರು ದಿಕ್ಕು. ಗೋದಾಮು ತುಂಬ ಜನರಿರುವ ಕಂಪನಿ ಇದನ್ನು ನಿಭಾಯಿಸುತ್ತದೆ. ಗಂಡ ಹೆಂಡತಿ ಇಬ್ಬರೇ ನಡೆಸುವ ಅಂಗಡಿಯ ಪಟ್ಟಿ ಎರಡು ದಿನ ಹಿಂದೆ ಬೀಳುತ್ತದೆ. ಯಂತ್ರಕ್ಕೆ ಮೋಸಗಾರನೂ ಹಿಂದೆ ಬಿದ್ದವನೂ ಒಂದೇ ತರ ಕಾಣುತ್ತಾರೆ. ಗ್ರಾಹಕರ ದೂರಿಗೆ ನಿಯಮಗಳು ಗಡುವು ಕೊಟ್ಟಿವೆ. ಖಾತೆ ಮುಚ್ಚಿಸಿಕೊಂಡ ವ್ಯಾಪಾರಿಯ ಮನವಿಗೂ ಒಬ್ಬ ಮನುಷ್ಯ ಗೊತ್ತಾದ ದಿನದೊಳಗೆ ಉತ್ತರಿಸುವಂತಾಗಬೇಕು.

ಕೊಳ್ಳುವವರಾಗಿ ನಮ್ಮ ಕೈಯಲ್ಲೂ ಒಂದು ಪಟ್ಟಿ ಇರುವುದು ಒಳ್ಳೆಯದು. ಆರ್ಡರ್ ಮಾಡುವ ಮುನ್ನ ಪುಟದ ಚಿತ್ರ ತೆಗೆದಿಟ್ಟುಕೊಳ್ಳಿ. ಪೊಟ್ಟಣ ಬಂದಾಗ ಅದರ ಮೇಲಿನ ಎಂ.ಆರ್.ಪಿ., ತೂಕ, ತಯಾರಾದ ದೇಶ ಓದಿ ಹೋಲಿಸಿ. ಬೆಲೆಬಾಳುವುದಾದರೆ ಬಿಚ್ಚುವಾಗ ಫೋನಿನಲ್ಲಿ ವಿಡಿಯೋ ಮಾಡಿ. ಹೊಂದದಿದ್ದರೆ 1915ಕ್ಕೆ, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ, ಕರೆ ಮಾಡಿ. ಸುಲ್ತಾನನ ಹುಡುಗರು ಮಾಡುತ್ತಿದ್ದ ಕೆಲಸ ಈಗ ಬಹುಪಾಲು ನಮ್ಮದೇ.