ತಕ್ಕಡಿಯೂ ಆರೋಗ್ಯವೂ

ಪುತ್ತೂರು ತಾಲೂಕಿನ ಕೆದಂಬಾಡಿ ಮತ್ತು ಅದರ ನೆರೆಹೊರೆಯ ಗ್ರಾಮಗಳಲ್ಲಿ ಅಡಿಕೆಯೇ ಮುಖ್ಯವಾದ ಬೆಳೆ. ಅಡಿಕೆಯನ್ನು ತೂಗಿಯೇ ಮಾರುತ್ತಾರಾದರೂ ತೂಕವೊಂದರಿಂದಲೇ ಅದರ ಬೆಲೆಯು ನಿರ್ಣಯವಾಗುವುದಿಲ್ಲ. ವ್ಯಾಪಾರಿಯು ಗೋಣಿಯೊಳಗೆ ಕೈಯಿಕ್ಕಿ ನಾಲ್ಕು ಅಡಿಕೆಗಳನ್ನು ತೆಗೆದು, ಒಡೆದು, ಒಳಗಣ ತಿರುಳನ್ನು ನೋಡಿ, ಇದು ಹೊಸತು, ಇದು ಹಳೆಯದು, ಇದು ಪಟೋರ, ಇದು ಕರಿಗೋಟು ಎಂದು ವಿಂಗಡಿಸಿದ ತರುವಾಯವೇ ಧಾರಣೆಯನ್ನು ಹೇಳುತ್ತಾನೆ. ಒಂದೇ ತೂಕದ ಎರಡು ಮೂಟೆಗಳಿಗೆ ಎರಡು ಬೆಲೆಗಳಿರುವುದು ಈ ಸೀಮೆಯಲ್ಲಿ ಯಾರಿಗೂ ಆಶ್ಚರ್ಯವಲ್ಲ. ಆದರೆ ಸ್ವಂತ ಶರೀರದ ವಿಷಯ ಬಂದಾಗ ಇದೇ ವಿವೇಕವು ಮರೆತುಹೋಗುವುದುಂಟು. ನಲವತ್ತು ದಾಟಿದ ಗೃಹಸ್ಥನು ತಕ್ಕಡಿಯ ಮೇಲೆ ನಿಂತು, ಮುಳ್ಳು ಹಿಂದಿನ ಜಾಗದಲ್ಲಿಯೇ ಇರುವುದನ್ನು ಕಂಡು ತನಗೆ ಯಾವ ರೋಗವೂ ಇಲ್ಲವೆಂದು ನಿಶ್ಚಿಂತನಾಗುತ್ತಾನೆ. ಮೂರು ತಿಂಗಳು ತಪ್ಪದೆ ನಡೆದು, ಊಟವನ್ನು ಹಿತಮಿತವಾಗಿ ಮಾಡಿದ ಗೃಹಿಣಿಯು ಅದೇ ಮುಳ್ಳನ್ನು ಕಂಡು ತನ್ನ ಶ್ರಮವೆಲ್ಲ ವ್ಯರ್ಥವಾಯಿತೆಂದು ನಡೆಯುವುದನ್ನೇ ಬಿಟ್ಟುಬಿಡುತ್ತಾಳೆ. ಇವೆರಡೂ ಭ್ರಾಂತಿಗಳೇ, ಎರಡೂ ಹಾನಿಕರವೇ. ತಕ್ಕಡಿಗೆ ಇಷ್ಟು ದೊಡ್ಡ ಅಧಿಕಾರವು ಹೇಗೆ ಬಂದಿತೆಂಬುದು ವಿಚಾರಯೋಗ್ಯವಾದ ಸಂಗತಿ.

ನಮ್ಮ ಪ್ರಾಚೀನ ವೈದ್ಯರು ಆರೋಗ್ಯವನ್ನು ತೂಗಿ ನೋಡಿದವರಲ್ಲ. ದೋಷ, ಅಗ್ನಿ, ಧಾತುಗಳ ಸಾಮ್ಯವನ್ನೂ ಇಂದ್ರಿಯ ಮನಸ್ಸುಗಳ ಪ್ರಸನ್ನತೆಯನ್ನೂ ಸುಶ್ರುತನು ಸ್ವಸ್ಥನ ಲಕ್ಷಣಗಳಾಗಿ ಎಣಿಸಿದನು. ಚರಕನು ಅತಿಸ್ಥೂಲನನ್ನೂ ಅತಿಕೃಶನನ್ನೂ ನಿಂದಿತರ ಸಾಲಿನಲ್ಲಿಯೇ ಇರಿಸಿ, ಮಾಂಸವು ಹದವಾಗಿ ಕೂಡಿಕೊಂಡು ಹಸಿವು ಬಾಯಾರಿಕೆಗಳನ್ನೂ ಬಿಸಿಲು ಚಳಿಗಳನ್ನೂ ವ್ಯಾಯಾಮವನ್ನೂ ತಾಳಬಲ್ಲ ಶರೀರವನ್ನು ಶ್ಲಾಘಿಸಿದನು. ಎಂದರೆ, ದೇಹವು ಎಷ್ಟು ಭಾರವೆಂಬುದಕ್ಕಿಂತ ಅದು ಏನನ್ನು ಸಹಿಸಬಲ್ಲುದು, ಏನನ್ನು ಮಾಡಬಲ್ಲುದು ಎಂಬುದೇ ಅವರಿಗೆ ಮುಖ್ಯವಾಗಿತ್ತು.

ಯುರೋಪಿನಲ್ಲಿ ಮನುಷ್ಯನನ್ನು ತಕ್ಕಡಿಗೇರಿಸಿದವರಲ್ಲಿ ಪ್ರಸಿದ್ಧನಾದವನು ಪಡುವಾ ನಗರದ ವೈದ್ಯನಾದ ಸಾಂಟೋರಿಯೊ. ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು ತನ್ನ ಆಹಾರವನ್ನೂ ವಿಸರ್ಜನೆಯನ್ನೂ ವರ್ಷಗಟ್ಟಲೆ ತೂಗಿ, ಅದರ ಫಲವನ್ನು ಅವನು 1614ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದನು. ತರುವಾಯ ಬೆಲ್ಜಿಯಂ ದೇಶದ ಖಗೋಳಜ್ಞನಾದ ಕೆಟಲೆ ಎಂಬವನು ನಕ್ಷತ್ರಗಳಿಗೆ ಅನ್ವಯಿಸುತ್ತಿದ್ದ ಗಣಿತವನ್ನು ಮನುಷ್ಯರಿಗೂ ಅನ್ವಯಿಸಿ, ಬೆಳೆದವರ ತೂಕವು ಎತ್ತರದ ವರ್ಗಕ್ಕೆ ಅನುಗುಣವಾಗಿರುತ್ತದೆಂದು ಕಂಡುಕೊಂಡನು. ಅವನ ಗ್ರಂಥವು 1835ರಲ್ಲಿ ಹೊರಬಿತ್ತು. ಅವನು ಹುಡುಕುತ್ತಿದ್ದುದು ಜನಸಮುದಾಯದ ಸರಾಸರಿ ಮನುಷ್ಯನನ್ನೇ ಹೊರತು ರೋಗಿಯನ್ನಲ್ಲ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸುವ ಈ ಲೆಕ್ಕಕ್ಕೆ ದೇಹದ್ರವ್ಯಸೂಚಿಯೆಂಬ ಹೆಸರು ಬಂದುದು 1972ರಲ್ಲಿ, ಅಮೆರಿಕೆಯ ಆನ್ಸೆಲ್ ಕೀಸ್ ಮತ್ತವರ ಸಹೋದ್ಯೋಗಿಗಳಿಂದ. ಅಷ್ಟರೊಳಗೆ ಜೀವವಿಮಾ ಕಂಪೆನಿಗಳು ತೂಕದ ಪಟ್ಟಿಗಳನ್ನು ಬಳಕೆಗೆ ತಂದಿದ್ದುವು. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಕಂಪೆನಿಯು 1942ರಲ್ಲಿ ಸ್ತ್ರೀಯರಿಗೂ 1943ರಲ್ಲಿ ಪುರುಷರಿಗೂ ಆದರ್ಶ ತೂಕದ ಪಟ್ಟಿಗಳನ್ನು ಹೊರಡಿಸಿತು. ಸಾವಿರಾರು ಜನರ ವಿಮೆಯ ಕಂತನ್ನು ನಿರ್ಣಯಿಸಲು ಒದಗಿದ ಸಾಧನವು ಹೀಗೆ ಒಬ್ಬೊಬ್ಬರ ಆರೋಗ್ಯಕ್ಕೆ ತೀರ್ಪು ಹೇಳುವ ನ್ಯಾಯಾಧೀಶನಾಗಿ ಪರಿಣಮಿಸಿತು.

ಇಷ್ಟರಲ್ಲಿ ಬೇರೆ ಅಳತೆಗಳೂ ಹುಟ್ಟಿದ್ದುವು. 1896ರಲ್ಲಿ ಇಟಲಿಯ ರಿವಾ-ರೊಚ್ಚಿಯು ತೋಳಿಗೆ ಪಟ್ಟಿ ಕಟ್ಟಿ ರಕ್ತದೊತ್ತಡವನ್ನಳೆಯುವ ಉಪಕರಣವನ್ನು ರಚಿಸಿದನು. 1905ರಲ್ಲಿ ರಷ್ಯದ ಕೊರೊಟ್ಕೊಫನು ನಾಡಿಯ ಶಬ್ದವನ್ನಾಲಿಸಿ ಮೇಲಣ ಕೆಳಗಣ ಅಂಕಿಗಳೆರಡನ್ನೂ ಗೊತ್ತುಮಾಡುವ ಕ್ರಮವನ್ನು ತಿಳಿಸಿದನು. 1947ರಲ್ಲಿ ಫ್ರಾನ್ಸಿನ ವೈದ್ಯನಾದ ಜಾನ್ ವಾಗನು, ಕೊಬ್ಬು ಎಷ್ಟಿದೆಯೆಂಬುದಕ್ಕಿಂತ ಎಲ್ಲಿದೆಯೆಂಬುದು ಮುಖ್ಯವೆಂದು ತೋರಿಸಿದನು. ಮೈಯ ಮೇಲುಭಾಗದಲ್ಲಿ ಸೇರುವ ಕೊಬ್ಬು ತೊಡೆ ನಿತಂಬಗಳಲ್ಲಿ ಸೇರುವುದಕ್ಕಿಂತ ಅಪಾಯಕರವೆಂದು ಅವನ ಮತ. ಲಂಡನ್ನಿನ ಬಸ್ಸುಗಳಲ್ಲಿ ದಿನವಿಡೀ ಮಹಡಿ ಹತ್ತಿಳಿಯುವ ಕಂಡಕ್ಟರರಿಗಿಂತ ಕುಳಿತೇ ಇರುವ ಚಾಲಕರಿಗೆ ಹೃದ್ರೋಗವು ಹೆಚ್ಚೆಂದು ಜೆರಿ ಮಾರಿಸರು 1953ರಲ್ಲಿ ಪ್ರಕಟಿಸಿದರು. ಮೂರು ವರ್ಷಗಳ ಮೇಲೆ ಅವರೂ ಜೊತೆಗಾರರೂ ಇವರಿಗೆ ಹೊಲಿಸಿಕೊಟ್ಟ ಸಮವಸ್ತ್ರಗಳ ಲೆಕ್ಕವನ್ನು ತೆಗೆಸಿ ನೋಡಿದಾಗ, ಚಾಲಕರ ಷರಾಯಿಗಳ ಸೊಂಟದಳತೆಯು ದೊಡ್ಡದಾಗಿದ್ದುದು ಕಂಡಿತು. ದರ್ಜಿಯ ಟೇಪು ಹೀಗೆ ವೈದ್ಯಶಾಸ್ತ್ರದ ಸಾಕ್ಷಿಯಾಯಿತು.

ಈ ಇತಿಹಾಸದಲ್ಲಿ ಕನ್ನಡನಾಡಿಗೂ ಒಂದು ಗೌರವದ ಸ್ಥಾನವಿದೆ. ಮೈಸೂರಿನಲ್ಲಿ ವೆಸ್ಲಿಯನ್ ಮಿಷನ್ನಿನವರು 1906ರಲ್ಲಿ ಸ್ಥಾಪಿಸಿದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಬರೆದಿಟ್ಟ ದಾಖಲೆಗಳು ಉಳಿದುಬಂದಿದ್ದುವು. ಹೀಗೆ ಬರೆದವರಿಗೆ ಇದು ನಿತ್ಯದ ಕೆಲಸವಷ್ಟೆ. ಅದರಿಂದ ಮುಂದೆ ಏನು ತಿಳಿದುಬರುವುದೆಂಬುದು ಅವರ ಊಹೆಗೂ ನಿಲುಕದ್ದು. ಸುಮಾರು ಅರ್ಧ ಶತಮಾನ ಕಳೆದ ಮೇಲೆ, ಇಂಗ್ಲೆಂಡಿನ ಸೌತಾಂಪ್ಟನ್ನಿನ ಸಂಶೋಧಕರು ಮೈಸೂರಿನ ವೈದ್ಯರೊಡನೆ ಕೂಡಿ, 1934 ಮತ್ತು 1954ರ ನಡುವೆ ಅಲ್ಲಿ ಹುಟ್ಟಿ ಆಸ್ಪತ್ರೆಯ ಸಮೀಪದಲ್ಲಿಯೇ ವಾಸವಾಗಿದ್ದ 517 ಮಂದಿ ಸ್ತ್ರೀಪುರುಷರನ್ನು ಪತ್ತೆಮಾಡಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶವಿದು: ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕೂ ಕಡಮೆ ತೂಗಿದವರಲ್ಲಿ ನೂರಕ್ಕೆ 11 ಮಂದಿಗೂ, 3.1 ಕಿಲೋ ಅಥವಾ ಅದಕ್ಕೆ ಮೇಲ್ಪಟ್ಟು ತೂಗಿದವರಲ್ಲಿ ನೂರಕ್ಕೆ 3 ಮಂದಿಗೂ ಹೃದಯದ ರಕ್ತನಾಳಗಳ ರೋಗವಿದ್ದಿತು. 45 ವರ್ಷ ಮೀರಿದವರಲ್ಲಿ ಈ ಭೇದವು ಇನ್ನೂ ಸ್ಪಷ್ಟವಾಗಿತ್ತು. ಆ ವಯಸ್ಸಿನವರಲ್ಲಿ, ಗರ್ಭಿಣಿಯಾಗಿದ್ದಾಗ ಕೃಶಳಾಗಿದ್ದ ತಾಯಿಯ ಮಕ್ಕಳಿಗೂ ರೋಗವು ಹೆಚ್ಚಾಗಿತ್ತು.

ಇಲ್ಲಿಯೂ ತಕ್ಕಡಿಯೇ ಸಾಕ್ಷಿಯಲ್ಲವೆ ಎಂದು ಯಾರಾದರೂ ಕೇಳಬಹುದು. ಅಹುದು; ಆದರೆ ಏಕಾಕಿಯಾಗಿ ಅಲ್ಲ. ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ ಇವುಗಳೊಡನೆ ಸೇರಿದಾಗಲೇ ಆ ಅಂಕಿಗೆ ಅರ್ಥವುಂಟಾಯಿತು. ನಡುವಯಸ್ಸಿನವನ ಇಂದಿನ ತೂಕವು ಅವನ ದೇಹದ ಪೂರ್ವವೃತ್ತಾಂತವನ್ನು ಹೇಳಲಾರದು.

ಅದು ದೇಹದ ಒಳಗನ್ನೂ ಹೇಳಲಾರದು. ಪುಣೆಯ ವೈದ್ಯರಾದ ಯಾಜ್ಞಿಕರೂ ಲಂಡನ್ನಿನ ವೈದ್ಯರಾದ ಯುಡ್ಕಿನ್ನರೂ 2004ರಲ್ಲಿ ತಮ್ಮ ಶರೀರಗಳನ್ನೇ ಉದಾಹರಣೆಯಾಗಿ ಲೋಕದ ಮುಂದಿಟ್ಟರು. ಇಬ್ಬರ ದೇಹದ್ರವ್ಯಸೂಚಿಯೂ 22.3, ಆದರೆ ಯುಡ್ಕಿನ್ನರ ದೇಹದಲ್ಲಿ ಕೊಬ್ಬು ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ತೋರಿಕೆಗೆ ತೆಳ್ಳಗಿದ್ದು ಒಳಗೆ ಕೊಬ್ಬನ್ನು ಹೊತ್ತಿರುವ ಈ ಲಕ್ಷಣವು ಭಾರತೀಯರಲ್ಲಿ ಸಾಮಾನ್ಯ. ದೇಶಾದ್ಯಂತ ನಡೆದು 2023ರಲ್ಲಿ ಪ್ರಕಟವಾದ ಸಮೀಕ್ಷೆಯಲ್ಲಿ, ತೂಕದ ಲೆಕ್ಕದಿಂದ ಸ್ಥೂಲರಾದವರು ನೂರಕ್ಕೆ 28.6 ಆಗಿದ್ದರೆ ಹೊಟ್ಟೆಯ ಸುತ್ತಳತೆಯ ಲೆಕ್ಕದಿಂದ 39.5 ಆಗಿದ್ದರು. ನಡುವಯಸ್ಸಿನಲ್ಲಿ ಸ್ನಾಯುಗಳು ಮೆಲ್ಲಮೆಲ್ಲನೆ ಕ್ಷೀಣಿಸುತ್ತವೆ. ಮುಟ್ಟು ನಿಲ್ಲುವ ಕಾಲದಲ್ಲಿ ಸ್ತ್ರೀಯರಿಗೆ ಕೊಬ್ಬು ಹೊಟ್ಟೆಯ ಕಡೆಗೆ ಸರಿಯುತ್ತದೆ. ತೋಟದಲ್ಲಿ ಅಗೆದು, ಹೊತ್ತು, ಮರವೇರುತ್ತಿದ್ದವನು ಆ ಕೆಲಸಗಳನ್ನು ಆಳುಗಳಿಗೂ ಯಂತ್ರಗಳಿಗೂ ಒಪ್ಪಿಸಿದ ಮೇಲೆ, ಕಳೆದುಹೋದ ಮಾಂಸದ ಜಾಗವನ್ನು ಕೊಬ್ಬು ತುಂಬಿದರೆ ತಕ್ಕಡಿಯ ಮುಳ್ಳು ಅಲುಗುವುದೇ ಇಲ್ಲ.

ಇದರ ಮಗ್ಗುಲಿನ ಸತ್ಯವು ಹೆಚ್ಚು ಆಶಾದಾಯಕವಾದುದು. ಮದರಾಸಿನ ವೈದ್ಯರಾದ ರಾಮಚಂದ್ರನ್ನರೂ ಅವರ ಸಹೋದ್ಯೋಗಿಗಳೂ, ಸಿಹಿಮೂತ್ರರೋಗದ ಹೊಸ್ತಿಲಲ್ಲಿದ್ದ 531 ಮಂದಿಯನ್ನು ಆರಿಸಿಕೊಂಡರು. ಅವರ ಸರಾಸರಿ ವಯಸ್ಸು ಸುಮಾರು 46. ಕೆಲವರಿಗೆ ದಿನಕ್ಕೆ ಅರ್ಧ ಗಂಟೆಯಾದರೂ ಚುರುಕಾಗಿ ನಡೆಯಲೂ ಆಹಾರದಲ್ಲಿ ಸಕ್ಕರೆ ಜಿಡ್ಡುಗಳನ್ನು ಕಡಮೆಮಾಡಲೂ ಉಪದೇಶಿಸಿದರು. 2006ರಲ್ಲಿ ಪ್ರಕಟವಾದಂತೆ, ಹೋಲಿಕೆಗಾಗಿ ಇಟ್ಟುಕೊಂಡ, ಈ ವಿಶೇಷ ಉಪದೇಶವನ್ನು ಪಡೆಯದವರಲ್ಲಿ ಮೂರು ವರ್ಷಗಳಲ್ಲಿ ನೂರಕ್ಕೆ 55 ಮಂದಿಗೆ ರೋಗವು ಬಂದಿತು. ಉಪದೇಶದಂತೆ ನಡೆದವರಲ್ಲಿ 39 ಮಂದಿಗೆ ಮಾತ್ರ. ಗಮನಿಸತಕ್ಕ ವಿಷಯವೇನೆಂದರೆ, ಹೀಗೆ ಪಾರಾದವರ ತೂಕದಲ್ಲಿ ಹೇಳಿಕೊಳ್ಳುವಂಥ ಇಳಿಕೆಯಾಗಿರಲಿಲ್ಲ. ತಕ್ಕಡಿಯೊಂದನ್ನೇ ನಂಬಿದ್ದರೆ ಇವರೆಲ್ಲರೂ ಸೋತವರೆಂದು ಎಣಿಸಲ್ಪಡುತ್ತಿದ್ದರು.

ಬಲವೂ ಒಂದು ಅಳತೆ. ಬೆಂಗಳೂರಿನ ಸೈಂಟ್ ಜಾನ್ಸ್ ಸಂಸ್ಥೆಯೂ ಪಾಲ್ಗೊಂಡ, 17 ದೇಶಗಳಲ್ಲಿ ನಡೆದ ಪರಿಶೀಲನೆಯೊಂದರಲ್ಲಿ, 35ರಿಂದ 70 ವರ್ಷದವರೆಗಿನ ಸುಮಾರು 1,40,000 ಜನರ ಕೈಹಿಡಿತವನ್ನು ಅಳೆದು ನೋಡಲಾಯಿತು. ಹಿಡಿತವು 5 ಕಿಲೋದಷ್ಟು ಕಡಮೆಯಾದಾಗ ಮರಣದ ಸಂಭವವು ನೂರಕ್ಕೆ 16ರಂತೆ ಹೆಚ್ಚುತ್ತಿದ್ದುದು 2015ರಲ್ಲಿ ಪ್ರಕಟವಾಯಿತು. ಮುಷ್ಟಿಯನ್ನು ಗಟ್ಟಿಮಾಡಿಕೊಂಡವನು ಚಿರಂಜೀವಿಯಾಗುವನೆಂದು ಇದರ ಅರ್ಥವಲ್ಲ. ಇಡೀ ದೇಹದ ಸ್ಥಿತಿಗೆ ಹಿಡಿತವು ಒಂದು ಕುರುಹು.

ಹಾಗಾದರೆ ತಕ್ಕಡಿಯನ್ನು ಬಾವಿಗೆಸೆಯಬೇಕೆ? ಬೇಡ. ಅತಿಯಾದ ತೂಕವು ಮೊಣಕಾಲಿಗೂ ಹೃದಯಕ್ಕೂ ಭಾರವೇ. ಪ್ರಯತ್ನವಿಲ್ಲದೆ ತೂಕವಿಳಿದರೆ ವೈದ್ಯನಲ್ಲಿಗೆ ಹೋಗಲೇಬೇಕು. ಅದನ್ನು ನ್ಯಾಯಾಧೀಶನ ಪೀಠದಿಂದಿಳಿಸಿ ಸಾಕ್ಷಿಗಳ ಸಾಲಿನಲ್ಲಿ ನಿಲ್ಲಿಸಿದರೆ ಸಾಕು. ಉಳಿದ ಸಾಕ್ಷಿಗಳೇನೂ ದುರ್ಲಭವಲ್ಲ. ಕೊನೆಯ ಪಕ್ಕೆಲುಬಿಗೂ ಸೊಂಟದ ಮೂಳೆಗೂ ನಡುವೆ, ಉಸಿರನ್ನು ಸಹಜವಾಗಿ ಬಿಟ್ಟು, ಟೇಪು ಹಿಡಿದು ನೋಡಬಹುದು. ನಮ್ಮ ದೇಶದವರಲ್ಲಿ ಪುರುಷರಿಗೆ 90, ಸ್ತ್ರೀಯರಿಗೆ 80 ಸೆಂಟಿಮೀಟರು ಮೀರಬಾರದೆಂದು ವೈದ್ಯರ ನಿಯಮ. ರಕ್ತದೊತ್ತಡವನ್ನು ಆಗಾಗ್ಗೆ ನೋಡಿಸಬಹುದು. ಹಿಂದಿನ ಎರಡು ಮೂರು ತಿಂಗಳ ಸಕ್ಕರೆಯ ಸ್ಥಿತಿಯನ್ನು ತಿಳಿಸುವ ರಕ್ತಪರೀಕ್ಷೆಯನ್ನು ಮಾಡಿಸಬಹುದು. ಗುಡ್ಡದ ಮೇಲಣ ಮನೆಗೆ ಎಲ್ಲಿಯೂ ನಿಲ್ಲದೆ ಹತ್ತಬಹುದೆ, ನೆಲದ ಮೇಲಿನ ಪಂಕ್ತಿಯಿಂದ ಕೈಯೂರದೆ ಏಳಬಹುದೆ, ರಾತ್ರಿ ನಿದ್ರೆಯು ಸುಖವಾಗಿ ಬರುವುದೆ ಎಂಬುದನ್ನು ತಿಳಿಯಲು ಯಾವ ಯಂತ್ರವೂ ಬೇಡ. ಮೈಸೂರಿನ ಆ ಆಸ್ಪತ್ರೆಯಲ್ಲಿ ಮಾಡಿದಂತೆ ಇವುಗಳನ್ನು ಒಂದು ಪುಸ್ತಕದಲ್ಲಿ ತಾರೀಖಿನೊಡನೆ ಬರೆದಿಡುವ ಪದ್ಧತಿಯು ಮನೆಮನೆಯಲ್ಲಿಯೂ ಬೆಳೆದರೆ, ನಡುವಯಸ್ಸಿನ ಶ್ರಮದಲ್ಲಿ ಯಾವುದು ಫಲಿಸಿತು, ಯಾವುದು ಫಲಿಸಲಿಲ್ಲವೆಂಬುದು ಅವರವರಿಗೇ ಗೋಚರವಾಗುವುದು.